ನಾರಿನ ಮೇಲಿನ ಮಣಿಗಳು

ಎಡಗಿವಿಯೊಳಗೆ ತೆಂಗಿನ ಹಾಲು ಹೊಕ್ಕಿದ್ದರಿಂದ ಲಿಗೋರಿಗೆ ಲೋಕ ಅರ್ಧ ಮಾತ್ರ ಕೇಳುತ್ತಿತ್ತು. ಕಲ್ಯಾಣಪುರದ ಮನೆಯಂಗಳದ ಚಪ್ಪರದಲ್ಲಿ, ಸ್ಟೂಲಿನ ಮೇಲೆ, ಹರಿದ ಬನಿಯನ್ನಿನಲ್ಲಿ ಅವನನ್ನು ಕೂರಿಸಿ ನೆಂಟರೆಲ್ಲ ಸರದಿಯಲ್ಲಿ ಬಂದು ತಲೆಗೆ, ಹೆಗಲಿಗೆ, ಮೊಣಕೈಗೆ ಹಾಲು ಪೂಸಿ ಹೋಗುತ್ತಿದ್ದರು. ಮದುವೆಯ ಮುನ್ನಾದಿನದ ರೋಸ್ ಅದು. ಒಂಟಿತನದ ಹಳೆಯ ಮೈಯನ್ನು ತೆಂಗಿನ ಹಾಲಿನಲ್ಲಿ ನೆನೆಸಿ ತೊಳೆದು ಹೊಸದು ಮಾಡುವ ಶಾಸ್ತ್ರ. ಆಮೇಲೆ ಬಿಸಿನೀರಿನ ಸ್ನಾನ. ಸ್ನಾನವಾದ ಮೇಲೆ ಮದುಮಗ ಹೊಸಿಲು ದಾಟುವಂತಿಲ್ಲ, ಇಗರ್ಜಿಗೆ ಹೊರಡುವವರೆಗೆ. ಚಿಕ್ಕಮ್ಮ ಎಸ್ತರ್ ಪೂಸುವ ಗೋಜಿಗೇ ಹೋಗದೆ ಚೊಂಬನ್ನೇ ನೆತ್ತಿಯ ಮೇಲೆ ಕವುಚಿದಾಗ ಎಲ್ಲರೂ ನಕ್ಕರು, ಅವನೂ ನಕ್ಕ, ನಗುವಾಗ ಬಾಯೊಳಗೂ ಸ್ವಲ್ಪ ಹೋಯಿತು. ಅವನ ತಲೆಯಲ್ಲಿ ಮಾತ್ರ ಒಂದೇ ಸಮನೆ ಎರಡು ಗಂಟೆ, ಎರಡು ಗಂಟೆ ಎಂದು ಬಡಿಯುತ್ತಿತ್ತು. ಎರಡು ಗಂಟೆಗೆ ಘಟ್ಟದ ಮೇಲಿನ ಕಾಗದದ ಗಿರಣಿಯ ಅಧಿಕಾರಿ ಮಣಿಪಾಲದ ಗುಡ್ಡದ ಮೇಲಿನ ಕಾಲೇಜಿಗೆ ಬಂದು, ಕೆಮಿಸ್ಟ್ರಿ ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ಲಿಗೋರಿಯ ಮಣಿಗಳನ್ನು ನೋಡಲಿದ್ದ. ಮಣಿಗಳು ಕಂಡರೆ ಮೂವತ್ತೊಂದು ವರ್ಷದ ಡೆಮಾನ್‌ಸ್ಟ್ರೇಟರ್ ಲಿಗೋರಿ ಗಿರಣಿಯ ಕೆಮಿಸ್ಟ್ ಆಗುತ್ತಾನೆ. ಆಗೇ ಬಿಟ್ಟಿದ್ದಾನೆಂದು ಕಾರ್ಕಳದಲ್ಲಿ ಡುಲ್ಸಿನ್‌ಳ ಮನೆಯವರಿಗೆ ಅವನು ಆಗಲೇ ಹೇಳಿಯೂ ಬಿಟ್ಟಿದ್ದ. ಬೇರೆ ದಿನ ಗೊತ್ತು ಮಾಡಬಹುದಿತ್ತು. ಆದರೆ ಗಿರಣಿಯವರ ಕಾಗದ ಬಂದ ದಿನ ಖುಷಿಯಲ್ಲಿ ಅವನಿಗೆ ತನ್ನ ಮದುವೆಯ ತಾರೀಕೇ ಮರೆತುಹೋಗಿತ್ತು.

"ಅಮ್ಮಾ, ಸ್ನಾನದ ನೀರು ಕಾದಿದೆಯಾ ನೋಡಿ ಬರುತ್ತೇನೆ" ಎಂದು ಎದ್ದವನು ಬಚ್ಚಲಿನ ಕಡೆಗೆ ಹೋಗಿ, ಬಚ್ಚಲಿನ ಹಿಂದಿನಿಂದ ಹಿತ್ತಿಲಿಗೆ ಇಳಿದು, ಹಗ್ಗದ ಮೇಲೆ ಒಣಗುತ್ತಿದ್ದ ಯಾರದೋ ಅಂಗಿಯನ್ನು ಬನಿಯನ್ನಿನ ಮೇಲೆಯೇ ತೊಟ್ಟು ಗದ್ದೆಯ ಬದುವಿನಲ್ಲಿ ಓಡಿದ. ಹಿಂದಿನಿಂದ ತಾಯಿ ರೋಸಲಿನ್, "ಪುತಾ, ಹಂಡೆ ಇರುವುದು ಈ ಕಡೆ" ಎಂದು ಕರೆದದ್ದು ಬಲಗಿವಿಗೆ ಕೇಳಿಸಿತು. ಎಡಗಿವಿ ಕೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಬದುವಿನ ಮೇಲೆ ಕಾಲು ಜಾರುತ್ತಿತ್ತು. ಕೆಸರಿನಿಂದಲ್ಲ, ಪಾದದಡಿಯ ಹಾಲಿನಿಂದ. ಅವನಿಗೆ ತಡೆಯಲಾರದಷ್ಟು ನಗು ಬಂತು. ಸಂತೆಕಟ್ಟೆಯಲ್ಲಿ ಬಸ್ಸು ಹತ್ತಿ ಕೂತ ಮೇಲೆ ಪಕ್ಕದ ಮುದುಕಿ ಮೂಗನ್ನು ಎರಡು ಸಲ ಅರಳಿಸಿ, "ಎಲ್ಲಿ ಮದುವೆ?" ಎಂದಳು. "ನನ್ನದೇ" ಎಂದ. "ಹಾಗಾದರೆ ಬಸ್ಸಿನಲ್ಲಿ ಎಂತ ಮಾಡುತ್ತೀರಿ?" ಎಂದಾಗ ಗಾಳಿಮರದ ಕಥೆಯನ್ನೇ ಹೇಳತೊಡಗಿದ. ಕಾಪುವಿನ ಕಡಲ ತೀರದಲ್ಲಿ ಸಾಲಾಗಿ ನೆಟ್ಟ ಗಾಳಿಮರ ಒಲೆಗಲ್ಲದೆ ಬೇರೆ ಯಾವುದಕ್ಕೂ ಬಾರದೆಂದು ಎಲ್ಲರೂ ತಿಳಿದಿದ್ದಾರಲ್ಲ, ಅದರಿಂದ ಕಾಗದ ಮಾಡಬಹುದು. ಆದರೆ ಅದರ ನಾರು ಗಿಡ್ಡ, ಬಿರುಸು, ಒಂದಕ್ಕೊಂದು ಅಂಟುವುದಿಲ್ಲ. ನದಿಯ ಚಿಪ್ಪು ಸುಟ್ಟ ಸುಣ್ಣಕ್ಕೆ ವಾಷಿಂಗ್ ಸೋಡಾ ಬೆರೆಸಿ ಕಟುವಾದ ಕ್ಷಾರ ಮಾಡಿ, ನಾರನ್ನು ಅದರಲ್ಲಿ ಬೇಯಿಸಿದರೆ ಅದರ ಮೈಮೇಲೆ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಉಬ್ಬುಗಳು ಬರುತ್ತವೆ. ಉಬ್ಬಿಗೆ ಉಬ್ಬು ಸಿಕ್ಕಿಕೊಂಡು ನಾರುಗಳು ಕೈಹಿಡಿದುಕೊಳ್ಳುತ್ತವೆ. ಈ ಉಬ್ಬುಗಳನ್ನು ಲೋಕದಲ್ಲಿ ಮೊದಲು ನೋಡಿದವನು ನಾನು. ಮುದುಕಿ ಎಲ್ಲವನ್ನೂ ಕೇಳಿ, "ಹುಡುಗಿಗೆ ಇದು ಗೊತ್ತುಂಟಾ?" ಎಂದಳು.

ಗೊತ್ತಿತ್ತು. ಹೆಣ್ಣು ನೋಡಲು ಹೋದ ದಿನ ಡುಲ್ಸಿನ್ ಕೇಳಿದ್ದು ಒಂದೇ ಪ್ರಶ್ನೆ. ಕಾರ್ಕಳದ ಪ್ರಾಥಮಿಕ ಶಾಲೆಯ ಟೀಚರ್ ಅವಳು, ತಟ್ಟೆ ಹಿಡಿದು ಬಂದು, ತಲೆ ತಗ್ಗಿಸುವ ಬದಲು ನೇರವಾಗಿ ನೋಡಿ, "ನಾರಿನ ಮೇಲೆ ನಿಜವಾಗಿಯೂ ಎಂತ ಕಾಣುತ್ತದೆ?" ಎಂದಿದ್ದಳು. ಅವನು ಅರ್ಧ ಗಂಟೆ ಮಾತಾಡಿದ. ಮಾತಾಡುವಾಗ ಅಭ್ಯಾಸದಂತೆ ಕೈಯನ್ನು ಕೂದಲೊಳಗೆ ಆಡಿಸುತ್ತಿದ್ದ. ಅಮ್ಮ ಈಗಲೂ ಪ್ರತಿ ಬೆಳಿಗ್ಗೆ ಬೊಗಸೆ ತುಂಬ ತೆಂಗಿನೆಣ್ಣೆ ತಂದು ಅವನ ನೆತ್ತಿಗೆ ತಟ್ಟುತ್ತಾಳೆ, ಬೇಡವೆಂದರೆ ಅಳುತ್ತಾಳೆ. ಅವತ್ತು ಮಾತು ಮುಗಿದ ಮೇಲೆ ಅದೇ ಕೈಯಲ್ಲಿ ಲೋಟ ಎತ್ತುವಾಗ ಅದು ಜಾರಿ ಡುಲ್ಸಿನ್‌ಳ ಸೀರೆಯ ಮೇಲೆ ಕಾಫಿ ಚೆಲ್ಲಿತು. ಅವಳ ಅಣ್ಣ ಮೌರಿಸ್ ಗೋಡೆಯ ಕಡೆ ತಿರುಗಿ ನಕ್ಕದ್ದು ಇನ್ನೂ ಬೆನ್ನಿನಲ್ಲಿ ಚುಚ್ಚುತ್ತದೆ. ಆದರೂ ಅವಳು ಒಪ್ಪಿದಳು. ಕೆಮಿಸ್ಟನನ್ನು ಒಪ್ಪಿದಳೋ, ಮಣಿಗಳನ್ನು ಒಪ್ಪಿದಳೋ, ತನ್ನನ್ನೋ ಎಂದು ಅವನು ಆರು ತಿಂಗಳಿನಿಂದ ಯೋಚಿಸುತ್ತಿದ್ದಾನೆ. ಬಸ್ಸು ಉಡುಪಿಯಿಂದ ಗುಡ್ಡ ಹತ್ತುವಾಗ ಅವನ ಕುತ್ತಿಗೆಯ ಹಾಲು ಬಿಸಿಲಿಗೆ ಬಿಗಿಯತೊಡಗಿ, ಎರಡು ನೊಣಗಳು ಅವನ ಜೊತೆಗೇ ಮಣಿಪಾಲದವರೆಗೆ ಬಂದವು.

ಲ್ಯಾಬಿನ ಬಾಗಿಲಲ್ಲಿ ಅಟೆಂಡರ್ ದೂಮಪ್ಪ ನಿಂತಿದ್ದ. ಕಾಪುವಿನ ಬಲೆ ಹಾಕುವವರ ಮನೆಯವನು, ಐವತ್ತು ದಾಟಿದವನು. ಎರಡು ವರ್ಷದಿಂದ ಲಿಗೋರಿಗೆ ಬೇಕಾದ ಗಾಳಿಮರದ ಕೊರಡುಗಳನ್ನೆಲ್ಲ ಹೆಗಲ ಮೇಲೆ ಹೊತ್ತು ತಂದವನು ಅವನೇ. "ಸರ್, ಇವತ್ತು ನಿಮ್ಮ ರೋಸ್ ಅಲ್ವಾ?" ಎಂದ. "ಹೌದು, ಮುಗಿಯಿತು" ಎಂದ ಲಿಗೋರಿ ಅವನ ಮುಖ ನೋಡದೆ ಒಳಗೆ ಹೋದ. ದೂಮಪ್ಪನ ಮುಖ ನೋಡದೆ ಒಳಗೆ ಹೋಗುವುದು ಹೋದ ಮಳೆಗಾಲದಿಂದ ಅವನಿಗೆ ರೂಢಿಯಾಗಿತ್ತು. ಆಗ ಒಂದು ವಾರ ತನಗೆ ಜ್ವರ ಬಂದು ದೂಮಪ್ಪನೇ ಸ್ಲೈಡುಗಳನ್ನು ತಯಾರಿಸಿದ್ದ; ಹನ್ನೆರಡರಲ್ಲಿ ಒಂದರಲ್ಲೂ ಒಂದೇ ಒಂದು ಮಣಿ ಇರಲಿಲ್ಲ. ಬರಿಯ ನಾರು, ಬೋಳು. ಹುಡುಗರೆಲ್ಲ ಎದುರಿಗಿದ್ದಾಗ ಲಿಗೋರಿ ಹೇಳಿಬಿಟ್ಟಿದ್ದ: "ಮೀನು ಮುಟ್ಟಿದ ಕೈಯಲ್ಲಿ ನಾರು ಉಬ್ಬುವುದುಂಟಾ, ದೂಮಪ್ಪ?" ಯಾರೋ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಅವತ್ತಿನಿಂದ ದೂಮಪ್ಪ ಪ್ರತಿ ಬೆಳಿಗ್ಗೆ ಲ್ಯಾಬಿನ ನಲ್ಲಿಯ ಕೆಳಗೆ ಸಾಬೂನು ಹಾಕಿ, ಬೂದಿ ಹಾಕಿ, ಉಗುರಿನ ಸಂದಿಗೆ ಕಡ್ಡಿ ಹಾಕಿ ಕೈ ತೊಳೆಯುತ್ತಾನೆ. ತೊಳೆಯುವ ಶಬ್ದ ಕೇಳಿದಾಗಲೆಲ್ಲ ಲಿಗೋರಿಗೆ ನಾಚಿಕೆಯಾಗುತ್ತದೆ. ನಾಚಿಕೆಯಾದಾಗಲೆಲ್ಲ ಅವನು ಇನ್ನಷ್ಟು ಗಂಭೀರವಾಗಿ ಸೂಕ್ಷ್ಮದರ್ಶಕದೊಳಗೆ ನೋಡುತ್ತಾನೆ.

ಹಳೆಯ ಸ್ಲೈಡುಗಳೆಲ್ಲ ಒಣಗಿದ್ದವು. ಹೊಸದು ಮಾಡಬೇಕಿತ್ತು. ಬೆಂದ ನಾರಿನ ಬಾಟಲಿಯಿಂದ ಒಂದು ಚಿಟಿಕೆ ತೆಗೆದು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಬಿಟ್ಟು, ಸೂಜಿಯಿಂದ ಬಿಡಿಸಿ, ನಡುವೆ ಒಮ್ಮೆ ತಲೆ ಕೆರೆದುಕೊಂಡು, ಸೂಜಿಯ ಮೊನೆಯನ್ನು ಬೆರಳುಗಳ ನಡುವೆ ಒರೆಸಿ ಮತ್ತೆ ಬಿಡಿಸಿ, ಮೇಲೆ ತೆಳುಗಾಜು ಇಟ್ಟ. ಕಣ್ಣಿಟ್ಟ. ದೇವರೇ! ಇಷ್ಟು ಮಣಿಗಳನ್ನು ಅವನು ಯಾವತ್ತೂ ಕಂಡಿರಲಿಲ್ಲ. ಪ್ರತಿ ನಾರಿನ ಮೇಲೂ ದೊಡ್ಡದು, ಚಿಕ್ಕದು, ಹೊಳೆಯುವ ದುಂಡನೆಯ ಮಣಿಗಳು, ಸಾಲುಸಾಲಾಗಿ, ಜಪಸರವೇ ಹರಿದು ಚೆಲ್ಲಿದ ಹಾಗೆ. ಅವನು ಎದ್ದು ಲ್ಯಾಬಿನ ತುದಿಯವರೆಗೆ ನಡೆದು ಬಂದು ಮತ್ತೆ ನೋಡಿದ. ಇದ್ದವು. ತನ್ನ ಮದುವೆಗೆಂದೇ ಬಂದು ಸೇರಿದ ನೆಂಟರು ಎಂದುಕೊಂಡ. ಎರಡೂ ಕೈಗಳಿಂದ ಬೆಂಚನ್ನು ಹಿಡಿದುಕೊಂಡ. ಬೆಂಚಿಗೂ ಹಾಲು ಅಂಟಿತು.

ಎರಡಕ್ಕೆ ಸರಿಯಾಗಿ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಚೆನ್ನಪ್ಪ ಗಿರಣಿಯ ಅಧಿಕಾರಿಯನ್ನು ಕರೆದುಕೊಂಡು ಬಂದರು. ಅಧಿಕಾರಿ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕನ್ನಡಕ ತೆಗೆದು ಜೇಬಿಗಿಟ್ಟು ಬಗ್ಗಿದ. ಸ್ಲೈಡನ್ನು ಆಚೀಚೆ ಸರಿಸಿ ಸರಿಸಿ ನೋಡಿದ. ಲಿಗೋರಿ ಅವನ ಬೆನ್ನನ್ನೇ ನೋಡುತ್ತ ನಿಂತ. ಅಂಗಿಯೊಳಗೆ ಹಾಲು ಇಳಿದು ಬೆನ್ನಿನಲ್ಲಿ ತುರಿಸುತ್ತಿತ್ತು, ತುರಿಸಿಕೊಂಡರೆ ಕೆಲಸ ಹೋದೀತೆಂದು ಸುಮ್ಮನಿದ್ದ. ಕೊನೆಗೆ ಅಧಿಕಾರಿ ತಲೆಯೆತ್ತಿ, "ನೀವು ಬರೆದದ್ದು ಜಾಸ್ತಿಯಾಯಿತು ಅಂದುಕೊಂಡಿದ್ದೆ. ಕಡಿಮೆಯೇ ಬರೆದಿದ್ದೀರಿ" ಎಂದ. ಚೆನ್ನಪ್ಪ ಲಿಗೋರಿಯ ಬೆನ್ನು ತಟ್ಟಿ, ಅಂಟಿದ ಕೈಯನ್ನು ಸ್ವಲ್ಪ ಹೊತ್ತು ಬೆರಗಿನಿಂದ ನೋಡಿ, ಅದನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡರು. "ಬನ್ನಿ, ಕಾಫಿ ಕುಡಿದು ನೇಮಕದ ಆರ್ಡರಿನ ಮಾತು ಮುಗಿಸುವ. ಮದುಮಗ ಇಲ್ಲೇ ಇರಲಿ, ಅವನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರೆ ನೊಣವೂ ಬರುತ್ತದೆ" ಎಂದು ನಗುತ್ತ ಅಧಿಕಾರಿಯನ್ನು ಹೊರಗೆ ಕರೆದೊಯ್ದರು.

ಆಯಿತು. ಕೆಲಸ ಆಯಿತು! ಲಿಗೋರಿ ಕುಣಿಯಲಿಲ್ಲ, ಆದರೆ ಅವನ ಪಾದಗಳು ಸಿಮೆಂಟಿನ ಮೇಲೆ ತಾವಾಗಿಯೇ ಒಂದೆರಡು ಸಲ ಎದ್ದು ಕೂತವು. ಇನ್ನೊಮ್ಮೆ, ಕೊನೆಯ ಸಲ, ಗೆದ್ದವನ ಕಣ್ಣಿನಿಂದ ನೋಡಿಬಿಡೋಣವೆಂದು ಬಗ್ಗಿದ. ನೋಡುತ್ತಿದ್ದ ಹಾಗೆಯೇ ಒಂದು ಮಣಿ ಅಲುಗಿತು. ನಾರನ್ನು ಬಿಟ್ಟು ನೀರಿಗೆ ಇಳಿದು, ಆಚೀಚೆ ನೋಡುವವರ ಹಾಗೆ ಸ್ವಲ್ಪ ತೇಲಿ, ಪಕ್ಕದ ನಾರಿನ ಮಣಿಯ ಹತ್ತಿರ ಹೋಗಿ, ಅದರೊಳಗೆ ಸೇರಿ ಒಂದೇ ಆಯಿತು. ಲಿಗೋರಿ ಕಣ್ಣುಜ್ಜಿಕೊಂಡ. ಉಬ್ಬಿದ ನಾರು ತನ್ನ ಉಬ್ಬನ್ನು ಬಿಟ್ಟುಕೊಡುವುದಿಲ್ಲ. ಅದು ಅದರ ಮೈಯೇ. ಮೈ ಬಿಟ್ಟು ಹೋಗುವುದು ಮೈಯಲ್ಲ. ಅಷ್ಟರಲ್ಲಿ ಅವನ ಮುಂಗುರುಳಿನಿಂದ ಒಂದು ಹನಿ ಹಾಲು ಬಿದ್ದು, ಸ್ಲೈಡಿನ ಪಕ್ಕದ ನೀರಿನಲ್ಲಿ ಬೆಳ್ಳಗೆ ಹರಡಿತು. ಕಪಾಟಿನಿಂದ ಸುಡಾನ್ ಎಂಬ ಕೆಂಪು ಬಣ್ಣದ ಸೀಸೆಯನ್ನು ತೆಗೆದ. ಅದು ಎಣ್ಣೆಗೆ ಮಾತ್ರ ಹತ್ತುತ್ತದೆ, ನಾರಿಗೆ ಹತ್ತದು. ಒಂದು ಹನಿ ಅಂಚಿನಿಂದ ಬಿಟ್ಟು ಕಾದ. ಒಂದೊಂದಾಗಿ ಮಣಿಗಳೆಲ್ಲ ಕೆಂಪಾದವು. ನಾರು ಮಾತ್ರ ಹಾಗೆಯೇ ಉಳಿಯಿತು.

ಇವತ್ತು ಹಾಲು, ಸರಿ. ಇವತ್ತಿನದನ್ನು ರೋಸ್‌ನ ತಲೆಗೆ ಕಟ್ಟಬಹುದು. ಆದರೆ ಎರಡು ವರ್ಷದಿಂದ? ಎರಡು ವರ್ಷದ ಬೆಳಗುಗಳೆಲ್ಲ ಅವನ ನೆತ್ತಿಯ ಮೇಲೆ ಅಮ್ಮನ ಬೊಗಸೆಯಿಂದ ಒಂದರ ಮೇಲೊಂದು ತಟ್ಟಿದ ಹಾಗಾಯಿತು. ಕೂದಲಿಗೆ ಹೋಗುವ ಕೈ, ಕೈಗೆ ಹೋಗುವ ಸೂಜಿ, ಸೂಜಿಯಿಂದ ನಾರಿಗೆ. ಜ್ವರದ ವಾರ ಮಾತ್ರ ಮಣಿ ಇರಲಿಲ್ಲ. ಬಾಗಿಲಿನ ಕಡೆ ನೋಡಿದ. ದೂಮಪ್ಪ ಸ್ಟೂಲಿನ ಮೇಲೆ ಕೂತು ಬೀಕರ್ ಒರೆಸುತ್ತಿದ್ದ. ಕಿಟಕಿಯ ಬೆಳಕು ಅವನ ತಲೆಯ ಮೇಲೆ ಬಿದ್ದಿತ್ತು. ಅದು ಒಂದು ಕೂದಲೂ ಇಲ್ಲದ, ಗಾಳಿಗೆ ಬಿಸಿಲಿಗೆ ಹದವಾದ, ಪೂರ್ತಿ ಬೋಳು ತಲೆ. ಇಷ್ಟು ದಿನ ಕಣ್ಣೆದುರಿಗೇ ಇತ್ತು! ಲಿಗೋರಿಗೆ ಹೊಟ್ಟೆಯ ಬುಡದಿಂದ ನಗು ಎದ್ದಿತು. ಬಾಯಿಗೆ ಕೈ ಒತ್ತಿ ಹಿಡಿದ. ನಗು ಮೂಗಿನಿಂದ ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದಾಗಿಯೇ ಉಳಿಯಲಿಲ್ಲ. ಯಾರಿಗೂ ಗೊತ್ತಿಲ್ಲ, ಸ್ಲೈಡನ್ನು ತೊಳೆದುಬಿಟ್ಟರೆ ಯಾರಿಗೂ ಗೊತ್ತಾಗುವುದೂ ಇಲ್ಲ ಎಂದಿತು ಮನಸ್ಸು. ಗಿರಣಿಗೆ ಹೋದ ಮೇಲೆಯೂ ತಲೆಗೆ ಎಣ್ಣೆ ಹಾಕಿಕೊಳ್ಳುತ್ತಿದ್ದರಾಯಿತು. ನಿವೃತ್ತಿಯಾಗುವವರೆಗೆ ಕೂದಲು ಉದುರದಂತೆ ನೋಡಿಕೊಂಡರಾಯಿತು. ಇದನ್ನು ಯೋಚಿಸಿ ಇನ್ನೂ ಜೋರಾಗಿ ನಕ್ಕ.

"ಎಂತ ಸರ್, ಮೈಗೆ ಹುಷಾರಿಲ್ಲವಾ?" ದೂಮಪ್ಪ ಎದ್ದು ಬಂದ.

"ದೂಮಪ್ಪ, ನೀವು ತಲೆಗೆ ಎಣ್ಣೆ ಹಾಕುತ್ತೀರಾ?" ಎಂದ ಲಿಗೋರಿ. ದೂಮಪ್ಪನನ್ನು ಅವನು 'ನೀವು' ಎಂದದ್ದು ಅದೇ ಮೊದಲು.

ದೂಮಪ್ಪ ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟು ಅವನನ್ನು ನೋಡಿದ. ಇನ್ನೊಂದು ಅವಮಾನ ಬರುತ್ತಿದೆಯೋ ಎಂದು ಅಳೆಯುವ ನೋಟ ಅದು; ಲಿಗೋರಿಗೆ ಅದು ಅರ್ಥವಾಯಿತು. "ಹಾಕಲಿಕ್ಕೆ ಅಲ್ಲಿ ಎಂತ ಉಂಟು ಸರ್?" ಎಂದ ದೂಮಪ್ಪ.

"ನಿಮ್ಮ ಕೈ ಸರಿ ಇತ್ತು. ನನ್ನ ಕೈಯೇ ಗಲೀಜು. ಹುಡುಗರ ಎದುರಿಗೆ ಹಾಗೆ ಹೇಳಬಾರದಿತ್ತು ನಾನು. ಮಣಿಯೆಲ್ಲ ಎಣ್ಣೆ, ದೂಮಪ್ಪ. ನೀವು ಮಾಡಿದ್ದೇ ನಿಜವಾದ ಸ್ಲೈಡು." ಮಾತು ತೊದಲಿತು. "ಇನ್ನೊಂದು ಮಾಡಿ ಕೊಡುತ್ತೀರಾ? ಅವರು ಬರುವುದರೊಳಗೆ."

ದೂಮಪ್ಪ ನಲ್ಲಿಯ ಕಡೆ ಹೋದ. ಸಾಬೂನು, ಬೂದಿ, ಕಡ್ಡಿ. "ಇವತ್ತು ಬೇಡ ದೂಮಪ್ಪ, ಸಾಕು" ಎಂದ ಲಿಗೋರಿ. "ಇರಲಿ ಸರ್, ಈಗ ಅಭ್ಯಾಸ ಆಗಿದೆ" ಎಂದು ದೂಮಪ್ಪ ನಿಧಾನವಾಗಿ ತೊಳೆದೇ ತೊಳೆದ. ಆಮೇಲೆ ಲಿಗೋರಿಗಿಂತ ಅಚ್ಚುಕಟ್ಟಾಗಿ, ಬಲೆಯ ಸಿಕ್ಕು ಬಿಡಿಸಿ ಪಳಗಿದ ಬೆರಳುಗಳಿಂದ ನಾರನ್ನು ಬಿಡಿಸಿಟ್ಟ. ಲಿಗೋರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಮಣಿ ಇರಲಿಲ್ಲ. ಆದರೆ ಬೋಳೂ ಇರಲಿಲ್ಲ. ಎರಡು ವರ್ಷ ಮಣಿಗಳನ್ನೇ ನೋಡುತ್ತಿದ್ದ ಕಣ್ಣಿಗೆ ಮೊದಲ ಸಲ ನಾರು ಕಂಡಿತು. ಕ್ಷಾರದಲ್ಲಿ ಬೆಂದು ಅದರ ಹೊರಚರ್ಮ ಅಲ್ಲಲ್ಲಿ ಸುಲಿದು, ಒಳಮೈ ನೀರು ಕುಡಿದು ಮೆತ್ತಗಾಗಿ, ಮೇಲೆಲ್ಲ ಸಣ್ಣ ಸುಕ್ಕುಗಳು, ಓರೆಯಾಗಿ ಓಡುವ ಗೆರೆಗಳು, ಗೆರೆಗಳಿಂದ ಎದ್ದ ಕಾಣದಷ್ಟು ನವಿರಾದ ಎಳೆಗಳು. ಬೇಯಿಸದ ನಾರಿನಲ್ಲಿ ಇದೊಂದೂ ಇರಲಿಲ್ಲ. ಅದು ಯಾರನ್ನೂ ಬೆರಗುಗೊಳಿಸಲು ಬಂದದ್ದಲ್ಲ. ತನ್ನ ಪಾಡಿಗೆ ತಾನು ಬದಲಾಗಿತ್ತು. ಅವನಿಗೆ ಅದರ ಮೇಲೆ ಪ್ರೀತಿ ಬಂತು.

ಚೆನ್ನಪ್ಪನವರ ಜೊತೆ ಕಾಫಿ ಮುಗಿಸಿ ಬಂದ ಅಧಿಕಾರಿ ಎರಡೂ ಸ್ಲೈಡುಗಳನ್ನು, ಕೆಂಪು ಮಣಿಯದನ್ನೂ ಮಣಿಯಿಲ್ಲದ್ದನ್ನೂ, ಒಂದರ ಪಕ್ಕ ಒಂದಿಟ್ಟು ನೋಡಿದ. ಲಿಗೋರಿ ಎಣ್ಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಹೇಳುವಾಗ ನಗಬಾರದೆಂದು ಕೆನ್ನೆ ಕಚ್ಚಿಕೊಂಡಿದ್ದ, ಆದರೂ ನಡುವೆ ಒಮ್ಮೆ ನಗು ಜಾರಿತು. "ಈ ಗೆರೆ, ಸುಕ್ಕು ನಮ್ಮ ಗಿರಣಿಯ ನಾರಿನಲ್ಲೂ ಕಾಣುತ್ತವೆ" ಎಂದ ಅಧಿಕಾರಿ, ಕನ್ನಡಕ ಹಾಕಿಕೊಳ್ಳುತ್ತ. "ಇದಕ್ಕೆ ಹೊಸ ಕೆಮಿಸ್ಟ್ ಬೇಡ. ನೀವು ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು." ಕೈಕುಲುಕಲು ಹೋಗಿ, ಯೋಚಿಸಿ, ನಮಸ್ಕಾರ ಮಾಡಿ ಹೊರಟುಹೋದ. ಚೆನ್ನಪ್ಪ ಕುರ್ಚಿಯಲ್ಲಿ ಕುಸಿದರು. ಗಿರಣಿಗೆ ಬರೆದ ಕಾಗದದ ಕೆಳಗೆ ಅವರ ಸಹಿಯೂ ಇತ್ತು. ಅವರ ಮುಖ ಕೆಂಪಾಗಿ, ಆಮೇಲೆ ಇನ್ನೂ ಕೆಂಪಾಗಿ, ಕೊನೆಗೆ ಮೇಜು ಗುದ್ದಿದರು. "ಎರಡು ವರ್ಷ ಮಾರಾಯ! ಎರಡು ವರ್ಷ ನಾವು ನೋಡುತ್ತಾ ಇದ್ದದ್ದು ನಿನ್ನ ತಲೆಯನ್ನಾ!" ನಗುತ್ತಿದ್ದಾರೋ ಬೈಯುತ್ತಿದ್ದಾರೋ ಅವರಿಗೇ ಗೊತ್ತಿದ್ದಂತಿರಲಿಲ್ಲ. "ಹೋಗು ಮನೆಗೆ. ಹೋಗಿ ಸ್ನಾನ ಮಾಡು."

ಮಣಿಪಾಲದ ರಸ್ತೆಯಲ್ಲಿ ಎರಡು ಬಸ್ಸು ನಿಂತಿದ್ದವು, ಒಂದು ಕೆಳಗೆ ಉಡುಪಿಗೆ, ಒಂದು ಕಾರ್ಕಳಕ್ಕೆ. ಉಡುಪಿಯದನ್ನು ಹತ್ತಿದರೆ ಬಿಸಿನೀರು, ಅಮ್ಮನ ಬೈಗಳು, ನಾಳೆ ಮದುವೆ. ಆಮೇಲೆ ಯಾವತ್ತಾದರೂ ಡುಲ್ಸಿನ್‌ಗೆ ಹೇಳಬಹುದು. ಲಿಗೋರಿ ಉಡುಪಿಯ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತೆಗೆದು, ರಸ್ತೆ ದಾಟಿದ. ರೋಸ್ ಆದ ಮೇಲೆ ಮದುಮಗ ಹೊಸಿಲು ದಾಟಬಾರದು, ಸರಿ; ಮದುಮಗಳ ಅಂಗಳಕ್ಕೇ ಹೋಗಬಾರದೆಂದು ಯಾರೂ ಹೇಳಿಲ್ಲ, ಯಾಕೆಂದರೆ ಅಂಥದ್ದೊಂದು ಯಾರ ತಲೆಗೂ ಹೊಳೆದಿಲ್ಲ. ಕಾರ್ಕಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಅವಳು ಬೇಡವೆಂದುಬಿಟ್ಟರೆ? ಚಪ್ಪರ ಬಿಚ್ಚಬೇಕು, ಹಂದಿ ಆಗಲೇ ಕಡಿದಾಗಿದೆ. ಬೇಡವೆಂದರೂ ಸರಿಯೇ, ಎಣ್ಣೆಯ ಮಣಿ ತೋರಿಸಿ ಕಟ್ಟಿಕೊಳ್ಳುವುದು ತನ್ನಿಂದಾಗದು ಎಂದುಕೊಂಡ. ಎಂದುಕೊಂಡ ತಕ್ಷಣ ಬೇಡವೆನ್ನದಿರಲಿ ದೇವರೇ ಎಂದು ಬೇಡಿಕೊಂಡ. ಹಿರಿಯಡಕ ದಾಟುವವರೆಗೆ ಇದೇ ಆಯಿತು.

ಕಾರ್ಕಳದ ಮನೆಯಲ್ಲೂ ರೋಸ್ ಆಗಷ್ಟೇ ಮುಗಿದು ಹೆಂಗಸರು ಹಾಡುತ್ತಿದ್ದರು. ಹಿತ್ತಿಲಿನ ಕರಿಬಂಡೆಯ ಹಿಂದಿನಿಂದ ಇಣುಕಿದ ಲಿಗೋರಿಯನ್ನು ಮೊದಲು ಕಂಡದ್ದು ಮೌರಿಸ್. "ಭಾವ! ಯಾರಿಗೆ ಎಂತ ಆಯಿತು?" ಎಂದವನ ಕೈಯಲ್ಲಿದ್ದ ನೀರಿನ ಕೊಡ ಬಿತ್ತು. "ಯಾರಿಗೂ ಏನೂ ಆಗಿಲ್ಲ. ಡುಲ್ಸಿನ್ ಹತ್ತಿರ ಎರಡು ಮಾತು" ಎಂದ ಲಿಗೋರಿ. ಮೌರಿಸ್ ಈ ಸಲ ನಗಲಿಲ್ಲ. ಬಚ್ಚಲಿನ ಬಾಗಿಲು ತಟ್ಟಿ ಏನೋ ಹೇಳಿ, ದೂರ ಹೋಗಿ ಬೆನ್ನು ಹಾಕಿ ನಿಂತ. ಸ್ವಲ್ಪ ಹೊತ್ತಿಗೆ ಡುಲ್ಸಿನ್ ತಲೆಗೆ ಟವೆಲು ಸುತ್ತಿಕೊಂಡು, ಒದ್ದೆ ಕಾಲಲ್ಲಿ, ಗಾಬರಿಯಿಂದ ಹೊರಗೆ ಬಂದಳು.

"ಕೆಲಸ ಇಲ್ಲ" ಎಂದ ಲಿಗೋರಿ. "ಮಣಿಯೂ ಇಲ್ಲ. ಅದೆಲ್ಲ ನನ್ನ ತಲೆಯ ಎಣ್ಣೆ. ನಾನು ಡೆಮಾನ್‌ಸ್ಟ್ರೇಟರ್ ಆಗಿಯೇ ಇರುತ್ತೇನೆ. ನಾಳೆಗೆ ಮೊದಲು ಹೇಳಬೇಕಿತ್ತು."

ಡುಲ್ಸಿನ್ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಒಣಗಿ ಬಿಳಿಪೊರೆಯಾದ ಕುತ್ತಿಗೆ, ಯಾರದೋ ಅಂಗಿ, ಸುತ್ತ ಗುಂಯ್ಗುಡುವ ನೊಣ. "ನಾನು ಶಾಲೆಯ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ" ಎಂದಳು, ಸ್ವಲ್ಪ ಸಿಟ್ಟಿನಿಂದಲೇ. "ಮಣಿ ಮಣಿಯಾಗಿ. ಮಕ್ಕಳೆಲ್ಲ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ." ಅವನು ತಲೆ ತಗ್ಗಿಸಿದ. ಚಪ್ಪರದಲ್ಲಿ ಹಾಡು ನಿಂತು ಇನ್ನೊಂದು ಶುರುವಾಯಿತು. "ಹಾಗಾದರೆ ನಾರಿನ ಮೇಲೆ ನಿಜವಾಗಿಯೂ ಎಂತ ಕಾಣುತ್ತದೆ?" ಎಂದಳು.

ಮೊದಲ ದಿನದ ಅದೇ ಪ್ರಶ್ನೆ. ಈ ಸಲ ಅವನು ಅರ್ಧ ಗಂಟೆ ಮಾತಾಡಲಿಲ್ಲ. ಹೊರಚರ್ಮ ಸುಲಿಯುತ್ತದೆ, ಒಳಮೈ ನೀರು ಕುಡಿಯುತ್ತದೆ, ಮೆತ್ತಗಾಗುತ್ತದೆ, ಓರೆಯಾಗಿ ಸಣ್ಣ ಸುಕ್ಕುಗಳು ಬೀಳುತ್ತವೆ, ಅಷ್ಟೇ ಎಂದ. ಡುಲ್ಸಿನ್ ತನ್ನ ಬಲಗೈ ಎತ್ತಿ ಅವನ ಮುಖದೆದುರು ಹಿಡಿದಳು. ಗಂಟೆಗಟ್ಟಲೆ ಹಾಲಿನಲ್ಲಿ, ಬಿಸಿನೀರಿನಲ್ಲಿ ನೆನೆದು ಬೆರಳ ತುದಿಗಳೆಲ್ಲ ಬಿಳಿಚಿ ಉಬ್ಬಿ, ಸಣ್ಣ ಸಣ್ಣ ಗೆರೆಗಳಾಗಿ ಸುಕ್ಕುಗಟ್ಟಿದ್ದವು.

"ಹೀಗಾ?"

"ಹೀಗೆಯೇ" ಎಂದ ಲಿಗೋರಿ. ಇನ್ನಷ್ಟು ಹತ್ತಿರ ಬಗ್ಗಿ ನೋಡಿದ. "ಸರಿಯಾಗಿ ಹೀಗೆಯೇ."

ಅವಳು ತನ್ನ ಬೆರಳುಗಳನ್ನು ತಾನೇ ಮೊದಲ ಸಲ ಎಂಬಂತೆ ತಿರುಗಿಸಿ ನೋಡಿಕೊಂಡಳು. "ಇದನ್ನು ಬರೆಯುವುದು ಕಷ್ಟ" ಎಂದಳು. "ಮಣಿ ಸುಲಭ ಇತ್ತು. ಆಗಲಿ, ರಜೆ ಮುಗಿದ ಮೇಲೆ ಬೋರ್ಡು ಅಳಿಸಿ ಇದನ್ನು ಬರೆಯುತ್ತೇನೆ. ನೀವು ಬಂದು ಸರಿ ಉಂಟಾ ನೋಡಬೇಕು."

ಲಿಗೋರಿಯ ಕೈ ಅಭ್ಯಾಸದಂತೆ ತಾನಾಗಿಯೇ ಕೂದಲಿನ ಕಡೆಗೆ ಎದ್ದಿತು. ಡುಲ್ಸಿನ್ ಚಟ್ಟನೆ ಆ ಮಣಿಕಟ್ಟನ್ನು ಹಿಡಿದಳು. ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಆ ಸುಕ್ಕುಗಳ ಒಂದೊಂದು ಗೆರೆಯೂ ಅವನ ಚರ್ಮಕ್ಕೆ ಗೊತ್ತಾಯಿತು, ಕೈ ಒಂದಿಷ್ಟೂ ಜಾರಲಿಲ್ಲ.

"ತಲೆ ಮುಟ್ಟಬೇಡಿ" ಎಂದಳು. "ನಾಳೆ ಹತ್ತು ಗಂಟೆಗೆ. ಸಾಬೂನು ಹಾಕಿ ತೊಳೆದು ಬನ್ನಿ."